ಬಾಣದ ಗುರುತುಗಳ ಹಿಂದಿನ ಮನುಷ್ಯ: ಜೇಮ್ಸ್ ಹಟನ್

ಬೋಧನಾಭ್ಯಾಸದ ದಿನಗಳಲ್ಲಿ ನಾನು ಕುಳಿತು ನೋಡುವ ಭೂಗೋಳ ಪಾಠಗಳಲ್ಲಿ ಶಿಲೆಗಳ ಪಾಠಕ್ಕೆ ಒಂದು ಕಾಯಂ ಚಾರ್ಟ್ ಇರುತ್ತದೆ. ಅದರಲ್ಲಿ ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಎಂಬ ಮೂರು ಚೌಕಗಳು. ಅವುಗಳ ನಡುವೆ ಬಣ್ಣಬಣ್ಣದ ಬಾಣದ ಗುರುತುಗಳು. ಮಕ್ಕಳು ಅದನ್ನು ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ ಯಾವುದಾದರೂ ಒಂದು ಬಾಣದ ಮೇಲೆ ಬೆರಳಿಟ್ಟು, ಇದು ಹೀಗೆಯೇ ಆಗುತ್ತದೆಂದು ನಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಮರಳು ಕಲ್ಲಾಗುವುದನ್ನು, ಸಮುದ್ರದ ತಳ ಬೆಟ್ಟವಾಗುವುದನ್ನು ನಿಂತು ನೋಡಿದವರು ಯಾರಿದ್ದಾರೆ? ಹಾಗಿದ್ದೂ ಈ ಚಕ್ರವನ್ನು ನಾವು ನಂಬಿಕೆಯಿಂದ ಕಲಿಸುತ್ತೇವೆ. ಆ ನಂಬಿಕೆಗೆ ಆಧಾರ ಹುಡುಕಿಕೊಟ್ಟವನು ಜೇಮ್ಸ್ ಹಟನ್. ಅವನ ಜೀವನ ತಿಳಿದ ಪ್ರಶಿಕ್ಷಣಾರ್ಥಿ ಅದೇ ಚಾರ್ಟನ್ನು ಬೇರೆ ರೀತಿಯಲ್ಲಿ ಕಲಿಸುತ್ತಾನೆ ಎಂಬುದು ನನ್ನ ಅನುಭವ. ಆದ್ದರಿಂದ ಈ ಬರಹ.

ಹಟನ್ ಹುಟ್ಟಿದ್ದು 1726ರ ಜೂನ್ ತಿಂಗಳಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ತಂದೆ ವ್ಯಾಪಾರಿ, ನಗರಸಭೆಯ ಖಜಾಂಚಿಯೂ ಆಗಿದ್ದವರು. ಮಗ ಇನ್ನೂ ತೀರ ಚಿಕ್ಕವನಿದ್ದಾಗಲೇ ಅವರು ತೀರಿಕೊಂಡರು. ಓದಿಸಿ ಬೆಳೆಸಿದ್ದು ತಾಯಿ. 14ನೆಯ ವಯಸ್ಸಿಗೆ ಹಟನ್ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ನಡೆದ ಒಂದು ಸಣ್ಣ ಸಂಗತಿ ಶಿಕ್ಷಕರಾದ ನಮಗೆ ಮುಖ್ಯ. ತರ್ಕಶಾಸ್ತ್ರದ ಪ್ರಾಧ್ಯಾಪಕ ಜಾನ್ ಸ್ಟೀವನ್‌ಸನ್ ತಮ್ಮ ಪಾಠದಲ್ಲಿ ಉದಾಹರಣೆಗಾಗಿ ಒಂದು ಮಾತು ಹೇಳಿದರು: ಸಾಮಾನ್ಯ ಲೋಹಗಳು ಒಂದೊಂದೇ ಆಮ್ಲದಲ್ಲಿ ಕರಗುತ್ತವೆ, ಚಿನ್ನ ಮಾತ್ರ ಎರಡು ಆಮ್ಲಗಳು ಕೂಡಿದಾಗ ಕರಗುತ್ತದೆ. ತರ್ಕದ ಪಾಠ ಅಲ್ಲಿಗೆ ಬಿಟ್ಟುಹೋಯಿತು. ಉದಾಹರಣೆ ಹುಡುಗನ ತಲೆಯಲ್ಲಿ ಉಳಿಯಿತು. ಅಂದಿನಿಂದ ಅವನಿಗೆ ರಸಾಯನಶಾಸ್ತ್ರದ ಹುಚ್ಚು. ನಾವು ಪಾಠಯೋಜನೆಯಲ್ಲಿ ಉದಾಹರಣೆಯ ಕಾಲಂ ತುಂಬುವಾಗ ಅದು ಯಾರ ಬದುಕನ್ನು ಎತ್ತ ತಿರುಗಿಸಬಹುದು ಎಂದು ಯೋಚಿಸುವುದು ಕಡಿಮೆ.

ಓದು ಮುಗಿಸಿ ಹಟನ್ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಕಲಿಯಲು ಸೇರಿದ. ಕಾಗದಪತ್ರ ನಕಲು ಮಾಡುವ ಬದಲು ಜೊತೆಯ ಗುಮಾಸ್ತರಿಗೆ ರಸಾಯನ ಪ್ರಯೋಗ ತೋರಿಸುತ್ತ ಕೂರುತ್ತಿದ್ದ. ಈ ಕೆಲಸ ನಿನಗೆ ಹೊಂದುವುದಿಲ್ಲ ಎಂದು ಆ ವಕೀಲರು ಬಿಡುಗಡೆ ಮಾಡಿದರು. ರಸಾಯನಕ್ಕೆ ಹತ್ತಿರವಿದ್ದ ವಿದ್ಯೆ ಆಗ ವೈದ್ಯಕೀಯ. ಎಡಿನ್‌ಬರೋ, ಪ್ಯಾರಿಸ್‌ಗಳಲ್ಲಿ ಓದಿ 1749ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ವೈದ್ಯ ಪದವಿ ಪಡೆದ. ಅವನ ಪ್ರಬಂಧದ ವಿಷಯ ದೇಹದಲ್ಲಿ ರಕ್ತದ ಪರಿಚಲನೆ. ಸುತ್ತಿ ಸುತ್ತಿ ಮರಳಿ ಬರುವ ವ್ಯವಸ್ಥೆಯೊಂದರ ಬಗ್ಗೆ ಆಗಲೇ ಅವನು ಯೋಚಿಸಿದ್ದ ಎಂಬುದನ್ನು ನೆನಪಿನಲ್ಲಿಡೋಣ. ಆದರೆ ವೈದ್ಯವೃತ್ತಿಯನ್ನು ಅವನು ಮಾಡಲೇ ಇಲ್ಲ. ಗೆಳೆಯ ಜೇಮ್ಸ್ ಡೇವಿಯ ಜೊತೆಗೂಡಿ ಹೊಗೆಗೂಡಿನ ಮಸಿಯಿಂದ ನವಸಾಗರ ತಯಾರಿಸುವ ವಿಧಾನ ಕಂಡುಕೊಂಡಿದ್ದ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ಅದೇ ನವಸಾಗರ. ಆ ತಯಾರಿಕೆ ಮುಂದೆ ಅವನಿಗೆ ಒಳ್ಳೆಯ ಆದಾಯ ತಂದುಕೊಟ್ಟಿತು.

ತಂದೆಯಿಂದ ಬಂದ ಆಸ್ತಿಯಲ್ಲಿ ದಕ್ಷಿಣ ಸ್ಕಾಟ್ಲೆಂಡಿನ ಬರ್ವಿಕ್‌ಶೈರ್ ಪ್ರಾಂತದ ಜಮೀನೂ ಇತ್ತು. ಹಟನ್ ಬೇಸಾಯಕ್ಕೆ ಇಳಿಯಲು ನಿರ್ಧರಿಸಿದ. ಗೊತ್ತಿಲ್ಲದ ಕೆಲಸವನ್ನು ಗೊತ್ತಿದ್ದವರಿಂದಲೇ ಕಲಿಯಬೇಕೆಂದು ಮೊದಲು ಇಂಗ್ಲೆಂಡಿನ ನಾರ್ಫೋಕ್‌ಗೆ ಹೋಗಿ ರೈತನೊಬ್ಬನ ಮನೆಯಲ್ಲಿದ್ದು ಉಳುಮೆ ಕಲಿತ. ಅಲ್ಲಿ ಸುತ್ತಾಡುವಾಗ ಕಂಡ ಗುಂಡಿ, ಕಾಲುವೆ, ಹೊಳೆಯ ದಡ ಯಾವುದನ್ನೂ ಇಣುಕಿ ನೋಡದೆ ಬಿಡುತ್ತಿರಲಿಲ್ಲ. 1754ರ ಸುಮಾರಿಗೆ ಊರಿಗೆ ಮರಳಿ, ಕಲ್ಲು ಆಯ್ದು, ನೀರು ಬಸಿದುಹೋಗಲು ಕಾಲುವೆ ತೋಡಿ, ಹೊಸ ಬಗೆಯ ನೇಗಿಲು ಹೂಡಿ ಹದಿಮೂರು ಹದಿನಾಲ್ಕು ವರ್ಷ ದುಡಿದ.

ಶಿಲಾಚಕ್ರದ ಮೊದಲ ಪ್ರಶ್ನೆ ಹುಟ್ಟಿದ್ದು ಇಂಥ ಹೊಲದಲ್ಲಿ. ಮಳೆ ಬಂದಾಗಲೆಲ್ಲ ಮಣ್ಣು ಕೊಚ್ಚಿ ಹೊಳೆಗೆ ಸೇರುತ್ತದೆ, ಹೊಳೆಯಿಂದ ಸಮುದ್ರಕ್ಕೆ. ಬೇಸಾಯಕ್ಕೆ ಮಣ್ಣು ಬೇಕು. ಮಣ್ಣು ಆಗಬೇಕಾದರೆ ಬಂಡೆ ಬಿಸಿಲು, ಮಳೆ, ಹಿಮಕ್ಕೆ ಸಿಕ್ಕಿ ಶಿಥಿಲವಾಗಬೇಕು. ಅಂದರೆ ನೆಲ ಫಲವತ್ತಾಗಿರಬೇಕಾದರೆ ನೆಲ ಸವೆಯಲೇಬೇಕು. ಹೀಗೆ ಬರೀ ಸವೆಯುತ್ತಲೇ ಹೋದರೆ ಒಂದು ದಿನ ಭೂಮಿಯೆಲ್ಲ ಸಮತಟ್ಟಾಗಿ ನೀರಿನೊಳಗೆ ಮುಳುಗಬೇಕಿತ್ತಲ್ಲ? ಮುಳುಗಿಲ್ಲ. ಹಾಗಾದರೆ ಹೋದ ಮಣ್ಣು ಎಲ್ಲೋ ಮತ್ತೆ ಕಲ್ಲಾಗಿ ಮೇಲೇಳುತ್ತಿರಬೇಕು. ರೈತನ ನಷ್ಟದ ಲೆಕ್ಕದಿಂದ ಹೊರಟ ಈ ಯೋಚನೆ ಅವನನ್ನು ಜೀವನಪೂರ್ತಿ ಬಿಡಲಿಲ್ಲ.

ಜಮೀನನ್ನು ಗೇಣಿಗೆ ಕೊಟ್ಟು 1760ರ ದಶಕದ ಕೊನೆಯಲ್ಲಿ ಹಟನ್ ಎಡಿನ್‌ಬರೋಗೆ ಮರಳಿದ. ಮದುವೆಯಾಗಲಿಲ್ಲ, ಅಕ್ಕತಂಗಿಯರೊಡನೆ ಇದ್ದ. ಮನೆಯ ತುಂಬ ಕಲ್ಲುಗಳು. ಗೆಳೆಯರ ಬಳಗ ದೊಡ್ಡದು. ಅರ್ಥಶಾಸ್ತ್ರದ ಆ್ಯಡಂ ಸ್ಮಿತ್, ಉಗಿಯಂತ್ರದ ಜೇಮ್ಸ್ ವಾಟ್, ಗುಪ್ತೋಷ್ಣವನ್ನು ಕಂಡುಕೊಂಡ ಜೋಸೆಫ್ ಬ್ಲ್ಯಾಕ್ ಎಲ್ಲರೂ ಅವನ ಒಡನಾಡಿಗಳು. ಎರಡು ನದಿಗಳನ್ನು ಜೋಡಿಸುವ ಫೋರ್ತ್–ಕ್ಲೈಡ್ ಕಾಲುವೆಯ ಮೇಲ್ವಿಚಾರಣಾ ಸಮಿತಿಯಲ್ಲೂ ಇದ್ದ. ಕಾಲುವೆಗಾಗಿ ನೆಲ ಅಗೆದಲ್ಲೆಲ್ಲ ಪದರುಗಳನ್ನು ನೋಡುವ ಅವಕಾಶ ಸಿಕ್ಕಿತು.

ಆ ಕಾಲದಲ್ಲಿ ಯುರೋಪಿನಲ್ಲಿ ಬಂಡೆಗಳ ಬಗ್ಗೆ ನಡೆಯುತ್ತಿದ್ದ ಪಾಠ ಬೇರೆಯೇ. ಜರ್ಮನಿಯ ಫ್ರೈಬರ್ಗ್ ಗಣಿ ವಿದ್ಯಾಲಯದ ಅಬ್ರಹಾಂ ವೆರ್ನರ್ ಪ್ರಕಾರ, ಮೊದಲು ಭೂಮಿಯನ್ನೆಲ್ಲ ಒಂದು ಮಹಾಸಾಗರ ಆವರಿಸಿತ್ತು. ಅದರಲ್ಲಿ ಕರಗಿದ್ದ ಪದಾರ್ಥ ತಳಕ್ಕೆ ಇಳಿದು ಬಂಡೆಗಳಾದವು. ಮೊದಲು ಗ್ರಾನೈಟ್, ಅದರ ಮೇಲೆ ಉಳಿದವು. ಬಸಾಲ್ಟ್ ಕೂಡ ನೀರಿನಿಂದಲೇ ಬಂದದ್ದು. ಇದು ಒಂದೇ ಸಲ ನಡೆದು ಮುಗಿದ ಕಥೆ, ಇದರಲ್ಲಿ ಚಕ್ರವಿಲ್ಲ. ವೆರ್ನರ್ ಅಪ್ರತಿಮ ಶಿಕ್ಷಕ. ಅವನ ಪಾಠ ಕೇಳಲು ದೇಶದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು, ಹೋದಲ್ಲೆಲ್ಲ ಅದನ್ನೇ ಕಲಿಸುತ್ತಿದ್ದರು. ತಪ್ಪು ವಿಚಾರವೂ ಒಳ್ಳೆಯ ಬೋಧನೆಯಿಂದ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಾನು ಕೊಡುವ ಉದಾಹರಣೆ ಇದು.

ಹಟನ್ ತನ್ನ ವಿಚಾರವನ್ನು ಎಡಿನ್‌ಬರೋದ ರಾಯಲ್ ಸೊಸೈಟಿಯ ಮುಂದೆ ಇಟ್ಟಾಗ ಅವನ ವಯಸ್ಸು ಐವತ್ತೆಂಟು. ಅದು 1785ರ ಮಾರ್ಚ್ ಮತ್ತು ಏಪ್ರಿಲ್. ಮೊದಲ ಭಾಗ ಓದುವ ದಿನ ಅವನಿಗೆ ಹುಷಾರಿರಲಿಲ್ಲ. ಬ್ಲ್ಯಾಕ್ ಅವನ ಪರವಾಗಿ ಓದಿದ. ವಿಚಾರದ ಸಾರ ಹೀಗಿತ್ತು: ಈಗಿನ ನೆಲದ ಬಹುಭಾಗ ಹಿಂದೊಂದು ನೆಲ ಸವೆದು ಸಮುದ್ರದ ತಳದಲ್ಲಿ ಶೇಖರವಾದ ಚೂರು, ಭೂಮಿಯ ಒಳಗಿನ ಶಾಖ ಅದನ್ನು ಗಟ್ಟಿ ಮಾಡಿದೆ, ಮೇಲೆತ್ತಿದೆ, ಅದೇ ಶಾಖ ಕೆಲವು ಬಂಡೆಗಳನ್ನು ಕರಗಿಸಿ ಮೇಲಕ್ಕೆ ನುಗ್ಗಿಸಿದೆ, ಮೇಲೆದ್ದ ನೆಲ ಈಗ ಮತ್ತೆ ಸವೆಯುತ್ತಿದೆ. ಇವತ್ತು ಕಣ್ಣಿಗೆ ಕಾಣುವ ನಿಧಾನದ ಕೆಲಸಗಳೇ ಸಾಕು. ಬೇಕಾದದ್ದು ಕಾಲ ಮಾತ್ರ, ಊಹೆಗೆ ನಿಲುಕದಷ್ಟು ಕಾಲ.

ಇಲ್ಲಿಂದ ಮುಂದೆ ಹಟನ್ ಮಾಡಿದ್ದನ್ನು ವಿಜ್ಞಾನ ಬೋಧನೆಯ ತರಗತಿಯಲ್ಲಿ ನಾನು ತಪ್ಪದೆ ಹೇಳುತ್ತೇನೆ. ವಿಚಾರ ಹೇಳಿ ಮುಗಿಸಿದ ಮೇಲೆ ಅವನು ಮನೆಯಲ್ಲಿ ಕೂರಲಿಲ್ಲ, ಪುರಾವೆ ಹುಡುಕಲು ಹೊರಟ. ತನ್ನ ಮಾತು ನಿಜವಾದರೆ ಎಲ್ಲಿ ಏನು ಕಾಣಬೇಕು ಎಂದು ಮೊದಲೇ ಲೆಕ್ಕ ಹಾಕಿಕೊಂಡು ಹೋದ.

ಮೊದಲನೆಯದು ಅಗ್ನಿಶಿಲೆಯ ಬಾಣ. ಗ್ರಾನೈಟ್ ಒಮ್ಮೆ ಕರಗಿದ ಸ್ಥಿತಿಯಲ್ಲಿದ್ದರೆ, ಅದು ಬೇರೆ ಬಂಡೆಯನ್ನು ಮುಟ್ಟುವ ಜಾಗದಲ್ಲಿ ಬಿರುಕುಗಳೊಳಗೆ ನುಗ್ಗಿರಬೇಕು. ವೆರ್ನರ್ ಹೇಳಿದಂತೆ ಅದೇ ಎಲ್ಲಕ್ಕಿಂತ ಹಳೆಯದಾದರೆ ಹಾಗೆ ನುಗ್ಗಲು ಸಾಧ್ಯವಿಲ್ಲ. ನುಗ್ಗಬೇಕಾದರೆ ನುಗ್ಗಿಸಿಕೊಳ್ಳುವ ಬಂಡೆ ಮೊದಲೇ ಇರಬೇಕು. ಅದೇ 1785ರ ಸೆಪ್ಟೆಂಬರಿನಲ್ಲಿ ಗ್ಲೆನ್ ಟಿಲ್ಟ್ ಎಂಬ ಕಣಿವೆಗೆ ಹೋದ. ಹೊಳೆಯ ಪಾತ್ರದಲ್ಲಿ ಕಪ್ಪುಛಾಯೆಯ ಶಿಸ್ಟ್ ಬಂಡೆಯನ್ನು ಸೀಳಿಕೊಂಡು ನಸುಗೆಂಪು ಗ್ರಾನೈಟಿನ ಎಳೆಗಳು ಹರಡಿದ್ದವು. ಹಟನ್ ಕುಣಿದಾಡಿದ್ದನ್ನು ನೋಡಿ ದಾರಿ ತೋರಿಸಲು ಬಂದವರು ಚಿನ್ನವೋ ಬೆಳ್ಳಿಯೋ ಸಿಕ್ಕಿರಬೇಕು ಎಂದುಕೊಂಡರಂತೆ. ಎಡಿನ್‌ಬರೋದಲ್ಲಿ ಅವನ ಮನೆಗೆ ಹತ್ತಿರದ ಸ್ಯಾಲಿಸ್‌ಬರಿ ಬಂಡೆಸಾಲಿನಲ್ಲೂ ಇಂಥದೇ ಸಾಕ್ಷಿ ಇತ್ತು. ಅಲ್ಲಿ ಮರಳುಗಲ್ಲಿನ ಪದರುಗಳ ನಡುವೆ ಕಪ್ಪು ಅಗ್ನಿಶಿಲೆಯ ದಪ್ಪ ಹಾಸು ಇದೆ. ಅದರ ಅಂಚಿನಲ್ಲಿ ಮರಳುಗಲ್ಲಿನ ಪದರುಗಳನ್ನು ಕಿತ್ತು ಮೇಲೆತ್ತಿದ ಗುರುತು ಸ್ಪಷ್ಟ. ತಣ್ಣನೆಯ ನೀರಿನಿಂದ ತಳಕ್ಕಿಳಿದ ವಸ್ತು ಹಾಗೆ ಕೀಳಲಾರದು.

ಎರಡನೆಯದು ಕಣಶಿಲೆಯ ಬಾಣ. ನೆಲ ಸವೆದು, ಶೇಖರವಾಗಿ, ಗಟ್ಟಿಯಾಗಿ, ಮೇಲೆದ್ದು ಮತ್ತೆ ಸವೆದದ್ದು ಒಂದಕ್ಕಿಂತ ಹೆಚ್ಚು ಸಲ ನಡೆದಿದ್ದರೆ, ಎರಡು ಸುತ್ತುಗಳ ಸಂದು ಎಲ್ಲಾದರೂ ಕಾಣಬೇಕು. 1787ರಲ್ಲಿ ಜೆಡ್‌ಬರೋ ಎಂಬ ಊರಿನ ಬಳಿ ಅಂಥ ಸಂದು ಸಿಕ್ಕಿತು. 1788ರಲ್ಲಿ ಗಣಿತದ ಪ್ರಾಧ್ಯಾಪಕ ಜಾನ್ ಪ್ಲೇಫೇರ್ ಮತ್ತು ಯುವಕ ಜೇಮ್ಸ್ ಹಾಲ್ ಅವರೊಡನೆ ದೋಣಿಯಲ್ಲಿ ಬರ್ವಿಕ್‌ಶೈರ್ ಕರಾವಳಿಯುದ್ದಕ್ಕೂ ಹೋಗಿ ಸಿಕಾರ್ ಪಾಯಿಂಟ್ ಎಂಬಲ್ಲಿ ಇಳಿದರು. ಅಲ್ಲಿ ಕೆಳಗೆ ಬೂದುಬಣ್ಣದ ಪದರುಗಳು ಕಪಾಟಿನಲ್ಲಿ ನಿಲ್ಲಿಸಿದ ಪುಸ್ತಕಗಳಂತೆ ನೆಟ್ಟಗೆ ನಿಂತಿವೆ. ಅವುಗಳ ಸವೆದ ತಲೆಯ ಮೇಲೆ ಕೆಂಪು ಮರಳುಗಲ್ಲಿನ ಪದರುಗಳು ತುಸು ಓರೆಯಾಗಿ ಮಲಗಿವೆ.

ಈ ಒಂದು ಚಿತ್ರವನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದಲೇ ಘಟನೆಗಳ ಕ್ರಮ ಹೇಳಿಸಬಹುದು. ಮೊದಲು ಕೆಳಗಿನ ಪದರುಗಳು ಅಡ್ಡಡ್ಡ ಶೇಖರವಾಗಬೇಕು. ಗಟ್ಟಿಯಾಗಬೇಕು. ಮಡಿಸಿಕೊಂಡು ನೆಟ್ಟಗಾಗಿ ಮೇಲೇಳಬೇಕು. ತಲೆ ಸವೆಯಬೇಕು. ಅದರ ಮೇಲೆ ಹೊಸ ಮರಳು ಶೇಖರವಾಗಬೇಕು. ಅದೂ ಕಲ್ಲಾಗಬೇಕು. ಎರಡೂ ಕೂಡಿ ಓರೆಯಾಗಿ ಮೇಲೇಳಬೇಕು. ಈಗ ಅಲೆಗಳು ಎರಡನ್ನೂ ಸವೆಸುತ್ತಿವೆ. ಕೆಳಗಿನವು ಸುಮಾರು 43 ಕೋಟಿ ವರ್ಷ ಹಳೆಯವು, ಮೇಲಿನವು ಸುಮಾರು 37 ಕೋಟಿ ವರ್ಷ ಎಂದು ಇಂದು ಗೊತ್ತಿದೆ. ಹಟನ್‌ಗೆ ಈ ಅಂಕಿಗಳು ಗೊತ್ತಿರಲಿಲ್ಲ. ಎರಡು ಪದರುಗಳ ನಡುವಿನ ಒಂದು ಗೆರೆಯಲ್ಲಿ ಎಷ್ಟು ಕಾಲ ಅಡಗಿದೆ ಎಂಬುದು ಮಾತ್ರ ಅವನಿಗೆ ಕಂಡಿತ್ತು. ಭೂಮಿಗೆ ಆರು ಸಾವಿರ ವರ್ಷ ಎಂದು ಬಹುಪಾಲು ಜನ ನಂಬಿದ್ದ ಕಾಲ ಅದು.

ಮೂರನೆಯ ಬಾಣ ರೂಪಾಂತರ ಶಿಲೆಯದು. ಇಲ್ಲಿ ಹಟನ್‌ಗೆ ಒಂದು ಗಟ್ಟಿ ಆಕ್ಷೇಪ ಎದುರಾಯಿತು. ಸುಣ್ಣದ ಗೂಡಿನಲ್ಲಿ ಸುಣ್ಣಕಲ್ಲು ಸುಟ್ಟರೆ ಅದರೊಳಗಿನ ಅನಿಲ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಇದನ್ನು ಚೆನ್ನಾಗಿ ಅಧ್ಯಯನ ಮಾಡಿದವನು ಗೆಳೆಯ ಬ್ಲ್ಯಾಕನೇ. ಹಾಗಿದ್ದರೆ ಶಾಖದಿಂದ ಸುಣ್ಣಕಲ್ಲು ಅಮೃತಶಿಲೆಯಾಗುವುದು ಹೇಗೆ? ಹಟನ್ ಕೊಟ್ಟ ಉತ್ತರ: ಆಳದಲ್ಲಿ ಮೇಲಿನ ಭಾರ ಅನಿಲವನ್ನು ಹೊರಹೋಗಲು ಬಿಡುವುದಿಲ್ಲ. ಇದನ್ನು ಪ್ರಯೋಗದಿಂದ ಪರೀಕ್ಷಿಸಬೇಕೆಂದು ಹಾಲ್ ಬಯಸಿದ. ಭೂಮಿಯ ಅಗಾಧ ಕೆಲಸವನ್ನು ಒಲೆಯ ಮೇಲೆ ಅಳೆಯುವುದು ಹಟನ್‌ಗೆ ಒಪ್ಪಿಗೆಯಿರಲಿಲ್ಲ. ಹಿರಿಯನ ಮೇಲಿನ ಗೌರವದಿಂದ ಹಾಲ್ ತಡೆದುಕೊಂಡ. ಹಟನ್ ತೀರಿಕೊಂಡ ಮೇಲೆ ಸುಣ್ಣಕಲ್ಲಿನ ಪುಡಿಯನ್ನು ಬಂದೂಕಿನ ನಳಿಗೆಯಲ್ಲಿ ಭದ್ರವಾಗಿ ಮುಚ್ಚಿ ಕಾಯಿಸಿದ. ಪುಡಿ ಅಮೃತಶಿಲೆಯಂಥ ಗಟ್ಟಿ ಕಲ್ಲಾಯಿತು. ಕಪ್ಪುಶಿಲೆಯನ್ನು ಕರಗಿಸಿ ಬೇಗ ತಣಿಸಿದರೆ ಗಾಜು, ನಿಧಾನವಾಗಿ ತಣಿಸಿದರೆ ಹರಳುಳ್ಳ ಕಲ್ಲು ಎಂದೂ ತೋರಿಸಿದ. ರೂಪಾಂತರ ಶಿಲೆ ಎಂಬ ವರ್ಗದ ಹೆಸರು ಬಳಕೆಗೆ ಬಂದದ್ದು ಇನ್ನೂ ಮುಂದೆ, 1833ರಲ್ಲಿ, ಚಾರ್ಲ್ಸ್ ಲಯೆಲ್‌ನ ಪುಸ್ತಕದ ಮೂಲಕ.

ಹಟನ್‌ನ ಕೊನೆಯ ವರ್ಷಗಳು ನೋವಿನವು. ಮೂತ್ರಕೋಶದ ಕಲ್ಲಿನ ರೋಗ ಹಿಡಿದಿತ್ತು. 1793ರಲ್ಲಿ ಐರ್ಲೆಂಡಿನ ರಿಚರ್ಡ್ ಕಿರ್ವಾನ್ ಅವನ ವಿಚಾರದ ಮೇಲೆ ಕಟುವಾದ ದಾಳಿ ಮಾಡಿದ. ಕಾಲಕ್ಕೆ ಆದಿ ಕಾಣುತ್ತಿಲ್ಲ ಎಂದದ್ದನ್ನು ಧರ್ಮಕ್ಕೆ ವಿರೋಧವೆಂದ. ಹಟನ್ ಹಾಸಿಗೆಯಿಂದಲೇ ಉತ್ತರಕ್ಕೆ ಸಿದ್ಧನಾಗಿ 1795ರಲ್ಲಿ ಎರಡು ಸಂಪುಟಗಳ ಗ್ರಂಥ ಹೊರತಂದ. ಸಾವಿರಕ್ಕೂ ಹೆಚ್ಚು ಪುಟ. ಉದ್ದುದ್ದ ಫ್ರೆಂಚ್ ಉದ್ಧರಣೆಗಳು. ಸುತ್ತಿ ಸುತ್ತಿ ಬರುವ ವಾಕ್ಯಗಳು. ಓದಿದವರು ಕೆಲವರೇ. 1797ರ ಮಾರ್ಚ್ 26ರಂದು ಹಟನ್ ತೀರಿಕೊಂಡ. ಅವನನ್ನು ಮಣ್ಣು ಮಾಡಿದ ಜಾಗದಲ್ಲಿ ಹೆಸರಿನ ಫಲಕ ಬಂದದ್ದು 1947ರಲ್ಲಿ.

ವಿಚಾರವೂ ಅವನ ಜೊತೆಗೇ ಮಣ್ಣಾಗುವ ಅಪಾಯ ಇತ್ತು. ಉಳಿಸಿದವನು ಒಬ್ಬ ಶಿಕ್ಷಕ. ಗಣಿತದ ಪ್ಲೇಫೇರ್, ಗೆಳೆಯನ ಬಾಯಿಂದ ಕೇಳಿದ್ದನ್ನು, ಸಿಕಾರ್ ಪಾಯಿಂಟಿನಲ್ಲಿ ಕಣ್ಣಾರೆ ಕಂಡದ್ದನ್ನು ಸೇರಿಸಿ 1802ರಲ್ಲಿ ತಿಳಿಯಾದ ಭಾಷೆಯ ಒಂದು ಪುಸ್ತಕ ಬರೆದ. ಹಟನ್ ಜಗತ್ತಿಗೆ ಅರ್ಥವಾದದ್ದು ಅಲ್ಲಿಂದ. ಆದರೂ ಜಗಳ ಮುಗಿಯಲಿಲ್ಲ. 1804ರಲ್ಲಿ ವೆರ್ನರ್‌ನ ಶಿಷ್ಯ ರಾಬರ್ಟ್ ಜೇಮ್‌ಸನ್ ಎಡಿನ್‌ಬರೋದಲ್ಲೇ ಪ್ರಾಧ್ಯಾಪಕನಾದ. ಅವನ ಪಾಠ ಕೇಳಿದ ವಿದ್ಯಾರ್ಥಿಗಳಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬ. ಸ್ಯಾಲಿಸ್‌ಬರಿ ಬಂಡೆಸಾಲಿಗೇ ವಿದ್ಯಾರ್ಥಿಗಳನ್ನು ಕರೆದೊಯ್ದು, ಅಗ್ನಿಶಿಲೆ ನುಗ್ಗಿದ ಬಿರುಕನ್ನು ತೋರಿಸಿ, ಇದು ಮೇಲಿನಿಂದ ಕೆಸರು ತುಂಬಿ ಆದದ್ದು ಎಂದು ಪ್ರಾಧ್ಯಾಪಕ ವಿವರಿಸಿದ್ದನ್ನು ಡಾರ್ವಿನ್ ವಯಸ್ಸಾದ ಮೇಲೂ ಮರೆತಿರಲಿಲ್ಲ. ಆ ಪಾಠಗಳಿಂದ ಅವನಿಗೆ ಭೂವಿಜ್ಞಾನವೇ ಬೇಡವೆನಿಸಿತ್ತು. ಮುಂದೆ ಅವನ ಮೇಲೆ ಗಾಢ ಪ್ರಭಾವ ಬೀರಿದ್ದು ಹಡಗಿನಲ್ಲಿ ಓದಿದ ಲಯೆಲ್‌ನ ಪುಸ್ತಕ. ಅದರ ಬೇರು ಹಟನ್‌ನಲ್ಲಿತ್ತು. ಕ್ಷೇತ್ರ ಭೇಟಿ ಮಾಡಿಸಿದ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ ಎಂದು ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಹೇಳುವಾಗ ನನಗೆ ಈ ಪ್ರಸಂಗ ನೆನಪಾಗುತ್ತದೆ. ಬಂಡೆಯ ಮುಂದೆ ನಿಲ್ಲಿಸಿ, ಅದನ್ನು ನೋಡಲು ಬಿಡದೆ, ಮೊದಲೇ ಸಿದ್ಧವಾದ ಉತ್ತರ ಹೇಳಿದರೆ ತರಗತಿಯ ನಾಲ್ಕು ಗೋಡೆಯೂ ಒಂದೇ, ಬೆಟ್ಟವೂ ಒಂದೇ.

ಹಟನ್‌ನ ಎಲ್ಲ ಮಾತೂ ಇಂದು ನಿಂತಿಲ್ಲ. ಕಣಶಿಲೆ ಗಟ್ಟಿಯಾಗುವುದಕ್ಕೂ ಶಾಖವೇ ಕಾರಣ ಎಂದು ಅವನು ಭಾವಿಸಿದ್ದ. ಮೇಲಿನ ಭಾರದ ಒತ್ತಡ, ಕಣಗಳ ನಡುವೆ ನೀರು ತಂದು ಬಿಟ್ಟ ಸುಣ್ಣ, ಸಿಲಿಕಾ ಮೊದಲಾದವುಗಳ ಅಂಟು ಇದಕ್ಕೆ ಸಾಕು. ನೆಲ ಮೇಲೇಳುವ ಕಾರಣ ಸರಿಯಾಗಿ ತಿಳಿಯಲು 1960ರ ದಶಕದ ಫಲಕ ಚಲನೆಯ ಸಿದ್ಧಾಂತದವರೆಗೆ ಕಾಯಬೇಕಾಯಿತು. ಇದನ್ನೂ ಮಕ್ಕಳಿಗೆ ಹೇಳಬೇಕು.

ಈ ಜೀವನವನ್ನು ಪಾಠಕ್ಕೆ ಇಳಿಸುವುದು ಕಷ್ಟವಲ್ಲ. ನಾನು ಸೂಚಿಸುವ ಕ್ರಮ ಇಷ್ಟು. ಚಾರ್ಟ್ ಮೊದಲೇ ತೂಗುಹಾಕಬೇಡಿ. ಊರ ಕೆರೆಯಲ್ಲಿ ಹೂಳು ಏಕೆ ತುಂಬುತ್ತದೆ, ಆ ಹೂಳು ಎಲ್ಲಿಂದ ಬಂತು ಎಂಬಲ್ಲಿಂದ ಪೂರ್ವಜ್ಞಾನ ಪರೀಕ್ಷೆ ಆರಂಭಿಸಿ. ಹೀಗೇ ನಡೆದರೆ ಗುಡ್ಡಗಳು ಏಕೆ ಮುಗಿದುಹೋಗಿಲ್ಲ ಎಂದು ಕೇಳಿ, ಉತ್ತರ ಹೇಳದೆ ಐದು ನಿಮಿಷ ಬಿಡಿ. ಆಮೇಲೆ ಮಾದರಿಗಳನ್ನು ಕೈಗೆ ಕೊಡಿ. ಬಾದಾಮಿಯ ಕಡೆಯ ಮರಳುಗಲ್ಲಿನಲ್ಲಿ ಕಣಗಳು ಬರಿಗಣ್ಣಿಗೆ ಕಾಣುತ್ತವೆ; ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಸುಣ್ಣಕಲ್ಲು; ವಿಜಯಪುರ, ಬೆಳಗಾವಿ ಭಾಗದ ಕಪ್ಪುಕಲ್ಲು ಲಾವಾ ತಣಿದು ಆದ ಬಸಾಲ್ಟ್; ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ಗ್ನೈಸ್ ಎಂಬ ರೂಪಾಂತರ ಶಿಲೆ. ಕಲ್ಲಿನ ಹೆಸರು ಹೇಳಿಸುವ ಮುನ್ನ ಕಂಡದ್ದನ್ನು ಹೇಳಿಸಿ: ಪದರು ಇದೆಯೇ, ಹರಳು ಇದೆಯೇ, ಪಟ್ಟೆ ಇದೆಯೇ.

ಕೊನೆಗೆ ಮೂರು ಚೌಕ ಬರೆದು ಬಾಣಗಳನ್ನು ಮಕ್ಕಳಿಂದ ಹಾಕಿಸಿ, ಪ್ರತಿ ಬಾಣಕ್ಕೂ ಒಂದು ಪುರಾವೆ ಕೇಳಿ. ಚಕ್ರ ಎಂದಾಕ್ಷಣ ಎಲ್ಲ ಕಲ್ಲೂ ಒಂದೇ ದಾರಿಯಲ್ಲಿ ಸುತ್ತುತ್ತದೆ ಎಂಬ ತಪ್ಪು ಕಲ್ಪನೆ ಮೂಡುವುದುಂಟು. ಗ್ರಾನೈಟ್ ಸವೆದು ಮರಳಾಗಬಹುದು, ಸವೆಯದೆ ನೇರವಾಗಿ ಗ್ನೈಸ್ ಆಗಬಹುದು. ಮರಳುಗಲ್ಲು ಮತ್ತೆ ಮರಳೇ ಆಗಬಹುದು. ಅಡ್ಡದಾರಿಗಳ ಬಾಣಗಳನ್ನೂ ಮಕ್ಕಳೇ ಹಾಕಲಿ. ಒಂದು ಅವಧಿಯಲ್ಲಿ ಇಷ್ಟೂ ಮುಗಿಯುವುದಿಲ್ಲ ಎಂದು ಮೇಲ್ವಿಚಾರಕರಿಗೆ ಮೊದಲೇ ತಿಳಿಸಿ, ಎರಡು ಅವಧಿಗಳ ಪಾಠಯೋಜನೆಯಾಗಿ ಬರೆದುಕೊಂಡು ಬನ್ನಿ.